ಗಾತ್ರ ಕಂಡರೆ ಮೊದಲು ಮಿಲಿಮೋಲ್: ಅನಿಲ ಮತ್ತು ದ್ರಾವಣದ ಲೆಕ್ಕಗಳನ್ನು ನಾನು ಮಾಡುವ ರೀತಿ

ಸ್ಟಾಯ್ಕಿಯೋಮೆಟ್ರಿ ಲೆಕ್ಕದಲ್ಲಿ, ಅಂದರೆ ರಾಸಾಯನಿಕ ಕ್ರಿಯೆಗೆ ಯಾವ ವಸ್ತು ಎಷ್ಟು ಬೇಕು, ಎಷ್ಟು ಬರುತ್ತದೆ ಎಂಬ ಲೆಕ್ಕದಲ್ಲಿ, ಮಿಲಿಲೀಟರ್ ಕಂಡ ಕೂಡಲೇ ನಾನು ಕೇಳಿಕೊಳ್ಳುವುದು ಒಂದೇ ಪ್ರಶ್ನೆ: ಇದು ಅನಿಲದ ಗಾತ್ರವೋ, ದ್ರಾವಣದ ಗಾತ್ರವೋ? ಅದು ಗೊತ್ತಾಗುವ ತನಕ ಪೆನ್ನು ಮುಂದೆ ಹೋಗುವುದಿಲ್ಲ. 50 ಮಿಲಿಲೀಟರ್ ತೆಳು ಆಮ್ಲದಲ್ಲಿ ಬಹುಪಾಲು ನೀರೇ ಇರುತ್ತದೆ. ಅದರಲ್ಲಿ ಆಮ್ಲ ಎಷ್ಟಿದೆ ಅಂತ ಮೊಲಾರಿಟಿ, ಅಂದರೆ ಒಂದು ಲೀಟರ್ ದ್ರಾವಣದಲ್ಲಿ ಎಷ್ಟು ಮೋಲ್ ಇದೆ ಎಂಬ ಅಳತೆ, ಹೇಳಬೇಕು (ಮೋಲ್ ಎಂಬುದು ಕಣಗಳನ್ನು ಎಣಿಸುವ ಘಟಕ). 50 ಮಿಲಿಲೀಟರ್ ಅನಿಲದಲ್ಲಿ ಬಹುಪಾಲು ಖಾಲಿ ಜಾಗ. ಅಲ್ಲಿ ಒತ್ತಡ ಮತ್ತು ಉಷ್ಣಾಂಶ ಹೇಳಬೇಕು. ಅಳತೆ ಒಂದೇ, ಒಳಗಿರುವುದು ಬೇರೆ ಬೇರೆ.

ಹಾಗಾಗಿ ಎರಡನ್ನೂ ಮೊದಲು ಮಿಲಿಮೋಲ್‌ಗೆ (ಮೋಲ್‌ನ ಸಾವಿರದಲ್ಲಿ ಒಂದು ಭಾಗ) ತಂದುಬಿಡುತ್ತೇನೆ. ಸಮೀಕರಣಕ್ಕೆ ಅರ್ಥವಾಗುವುದು ಮೋಲ್ ಮಾತ್ರ ಅಲ್ವಾ? ಮೋಲ್ ಬಿಟ್ಟು ಮಿಲಿಮೋಲ್ ಯಾಕೆ ಅಂದರೆ, ಮಿಲಿಲೀಟರನ್ನು ಮೊಲಾರಿಟಿಯಿಂದ ಗುಣಿಸಿದರೆ ನೇರವಾಗಿ ಮಿಲಿಮೋಲ್ ಬರುತ್ತದೆ. 1000ದಿಂದ ಭಾಗಿಸುವ ಗೋಜಿಲ್ಲ, ದಶಮಾಂಶದ ಸೊನ್ನೆಗಳು ತಪ್ಪುವ ಭಯವಿಲ್ಲ. ಅನಿಲಕ್ಕೂ ಇದೇ ಅನುಕೂಲ. 25 ಡಿಗ್ರಿ ಸೆಲ್ಸಿಯಸ್, 1 ಅಟ್ಮಾಸ್ಫಿಯರ್ ಒತ್ತಡದಲ್ಲಿ 1 ಮಿಲಿಮೋಲ್ ಅನಿಲದ ಗಾತ್ರ ಸುಮಾರು 24.5 ಮಿಲಿಲೀಟರ್. 0 ಡಿಗ್ರಿಯಲ್ಲಾದರೆ 22.4.

ಈ 22.4ರ ಬಗ್ಗೆ ಒಂದು ಮಾತು. ಎಸ್‌ಟಿಪಿಯ (ಅನಿಲಗಳನ್ನು ಹೋಲಿಸಲು ಇಟ್ಟುಕೊಂಡ ಪ್ರಮಾಣಿತ ಉಷ್ಣಾಂಶ ಮತ್ತು ಒತ್ತಡ) ಒತ್ತಡವನ್ನು ರಸಾಯನಶಾಸ್ತ್ರದ ಅಂತರರಾಷ್ಟ್ರೀಯ ಸಂಸ್ಥೆ ಐಯುಪಿಎಸಿ 1982ರಲ್ಲಿ 1 ಬಾರ್‌ಗೆ ಬದಲಾಯಿಸಿತು. ಆ ಲೆಕ್ಕದಲ್ಲಿ ಒಂದು ಮೋಲ್‌ಗೆ 22.7 ಲೀಟರ್. ಹಳೆಯ 22.4 ಇನ್ನೂ ಎಷ್ಟೋ ಪುಸ್ತಕಗಳಲ್ಲಿ ಹಾಗೇ ಇದೆ. ಪ್ರಶ್ನೆಯಲ್ಲಿ ಒತ್ತಡ ಎಷ್ಟು ಕೊಟ್ಟಿದ್ದಾರೆ ಅಂತ ನೋಡದೆ ನಾನು ಯಾವ ಸಂಖ್ಯೆಯನ್ನೂ ಹಾಕುವುದಿಲ್ಲ.

ಈಗ ಒಂದು ಲೆಕ್ಕ. 2.0 ಗ್ರಾಂ ಕ್ಯಾಲ್ಸಿಯಂ ಕಾರ್ಬೋನೇಟ್‌ಗೆ 0.50 ಮೋಲಾರ್ ಹೈಡ್ರೋಕ್ಲೋರಿಕ್ ಆಮ್ಲ 50 ಮಿಲಿಲೀಟರ್ ಹಾಕಿದ್ದಾರೆ. 25 ಡಿಗ್ರಿ, 1 ಅಟ್ಮಾಸ್ಫಿಯರ್‌ನಲ್ಲಿ ಎಷ್ಟು ಕಾರ್ಬನ್ ಡೈಆಕ್ಸೈಡ್ ಬರುತ್ತದೆ?

ಮೊದಲು ಸಮೀಕರಣ ಸರಿದೂಗಿಸುತ್ತೇನೆ: ಒಂದು ಕಾರ್ಬೋನೇಟ್‌ಗೆ ಎರಡು ಆಮ್ಲ, ಬರುವುದು ಒಂದು ಕಾರ್ಬನ್ ಡೈಆಕ್ಸೈಡ್. ಅದರ ಕೆಳಗೆ ಮೂರು ಸಾಲು ಬರೆಯುತ್ತೇನೆ: ಇದ್ದದ್ದು, ಬದಲಾದದ್ದು, ಉಳಿದದ್ದು. ಮೂರೂ ಮಿಲಿಮೋಲ್‌ನಲ್ಲೇ. ಕಾರ್ಬೋನೇಟ್ 2000 ಮಿಲಿಗ್ರಾಂ, ಮೋಲಾರ್ ರಾಶಿ (ಒಂದು ಮೋಲ್‌ನ ರಾಶಿ, ಗ್ರಾಂನಲ್ಲಿ) 100, ಹಾಗಾಗಿ 20. ಆಮ್ಲ 50 ಗುಣಿಸು 0.50, ಅಂದರೆ 25. ಸಂಖ್ಯೆ ನೋಡಿದರೆ ಆಮ್ಲವೇ ಜಾಸ್ತಿ. ಆದರೆ 20 ಕಾರ್ಬೋನೇಟ್‌ಗೆ ಬೇಕಾದ ಆಮ್ಲ 40. ಇರುವುದು 25. ಮೊದಲು ಮುಗಿಯುವುದು ಆಮ್ಲವೇ. ಅದರಲ್ಲಿ ಅರ್ಧ, 12.5 ಮಿಲಿಮೋಲ್ ಅನಿಲ ಬರುತ್ತದೆ. 24.5ರಿಂದ ಗುಣಿಸಿದರೆ ಸುಮಾರು 306 ಮಿಲಿಲೀಟರ್.

ಉತ್ತರ ಬಂತು ಅಂತ ನಾನು ಅಲ್ಲಿಗೇ ಬಿಡುವುದಿಲ್ಲ, ಮೂರನೇ ಸಾಲನ್ನೂ ತುಂಬುತ್ತೇನೆ. ಕಾರ್ಬೋನೇಟ್ 7.5 ಮಿಲಿಮೋಲ್, ಅಂದರೆ 0.75 ಗ್ರಾಂ, ಕರಗದೆ ತಳದಲ್ಲಿ ಉಳಿದಿದೆ. ಕ್ಯಾಲ್ಸಿಯಂ ಕ್ಲೋರೈಡ್ 12.5 ಮಿಲಿಮೋಲ್ 50 ಮಿಲಿಲೀಟರ್ ದ್ರಾವಣದಲ್ಲಿದೆ, ಸುಮಾರು 0.25 ಮೋಲಾರ್. ಪ್ರಶ್ನೆಯ ಎರಡನೇ ಭಾಗವಾಗಿ ಸಾಮಾನ್ಯವಾಗಿ ಕೇಳುವುದು ಇದನ್ನೇ. ಪ್ರಯೋಗದಲ್ಲಿ ಅಳೆದರೆ ಅನಿಲ 306ಕ್ಕಿಂತ ಕಡಿಮೆ ಸಿಗುತ್ತದೆ, ಯಾಕೆಂದರೆ ಸ್ವಲ್ಪ ಕಾರ್ಬನ್ ಡೈಆಕ್ಸೈಡ್ ನೀರಿನಲ್ಲೇ ಕರಗಿರುತ್ತದೆ.

ಟೈಟ್ರೇಷನ್ ಲೆಕ್ಕದಲ್ಲಿ, ಅಂದರೆ ಒಂದು ದ್ರಾವಣದೊಂದಿಗೆ ಪೂರ್ತಿ ವರ್ತಿಸಲು ಇನ್ನೊಂದು ಎಷ್ಟು ಬೇಕು ಎಂದು ಅಳೆಯುವ ಲೆಕ್ಕದಲ್ಲಿ, ಎಂ1ವಿ1 = ಎಂ2ವಿ2 ಸೂತ್ರವನ್ನು (ಎಂ ಮೊಲಾರಿಟಿ, ವಿ ಗಾತ್ರ) ನಾನು ಬಳಸುವುದಿಲ್ಲ. ಅದನ್ನು ದ್ರಾವಣ ತೆಳು ಮಾಡುವ ಲೆಕ್ಕಕ್ಕೆ ಮಾತ್ರ ಇಟ್ಟುಕೊಂಡಿದ್ದೇನೆ. 0.1 ಮೋಲಾರ್ ಸಲ್ಫ್ಯೂರಿಕ್ ಆಮ್ಲ 25 ಮಿಲಿಲೀಟರ್ ಇದ್ದರೆ, ಅಷ್ಟೇ ಮೊಲಾರಿಟಿಯ ಸೋಡಿಯಂ ಹೈಡ್ರಾಕ್ಸೈಡ್ 25 ಮಿಲಿಲೀಟರ್ ಸಾಕು ಅನ್ನುತ್ತದೆ ಆ ಸೂತ್ರ. ನಿಜವಾಗಿ ಬೇಕಾದದ್ದು 50. ಒಂದು ಸಲ್ಫ್ಯೂರಿಕ್ ಆಮ್ಲಕ್ಕೆ ಎರಡು ಹೈಡ್ರಾಕ್ಸೈಡ್ ಎಂಬ ಅನುಪಾತ ಆ ಸೂತ್ರಕ್ಕೆ ಗೊತ್ತೇ ಇಲ್ಲ.

ಮಿಲಿಮೋಲ್ ಇಲ್ಲದೆಯೂ ಮುಗಿಯುವ ಲೆಕ್ಕ ಒಂದು ಬಗೆಯದು: ಎಲ್ಲವೂ ಅನಿಲ, ಎಲ್ಲವೂ ಒಂದೇ ಒತ್ತಡ, ಒಂದೇ ಉಷ್ಣಾಂಶ. ಅನಿಲಗಳು ಸರಳ ಗಾತ್ರದ ಅನುಪಾತದಲ್ಲಿ ಸೇರುತ್ತವೆ ಅಂತ ಗೇ-ಲುಸಾಕ್ 1808ರಲ್ಲಿ ತೋರಿಸಿದರು. ಸಮಾನ ಗಾತ್ರಗಳಲ್ಲಿ ಸಮಾನ ಸಂಖ್ಯೆಯ ಅಣುಗಳಿರುತ್ತವೆ ಎಂದು 1811ರಲ್ಲಿ ಅವೊಗಾಡ್ರೊ ಅದಕ್ಕೆ ಕಾರಣ ಕೊಟ್ಟರು. ಒಂದು ಪ್ರೊಪೇನ್‌ಗೆ ಐದು ಆಕ್ಸಿಜನ್ ಬೇಕು, ಬರುವುದು ಮೂರು ಕಾರ್ಬನ್ ಡೈಆಕ್ಸೈಡ್. ಹಾಗಾಗಿ 20 ಮಿಲಿಲೀಟರ್ ಪ್ರೊಪೇನನ್ನು 130 ಮಿಲಿಲೀಟರ್ ಆಕ್ಸಿಜನ್‌ನಲ್ಲಿ ಉರಿಸಿದರೆ 100 ಆಕ್ಸಿಜನ್ ಖರ್ಚಾಗುತ್ತದೆ, 60 ಕಾರ್ಬನ್ ಡೈಆಕ್ಸೈಡ್ ಬರುತ್ತದೆ. ತಣಿಸಿದ ಮೇಲೆ ಉಳಿಯುವ ಅನಿಲ 60 ಕೂಡಿಸು 30, ಒಟ್ಟು 90. ನೀರು ದ್ರವವಾಯಿತು, ಆದ್ದರಿಂದ ಅದನ್ನು ಸೇರಿಸುವುದಿಲ್ಲ. ‘ತಣಿಸಿದ ಮೇಲೆ’ ಎಂಬ ಮಾತಿಗೆ ನಾನು ಯಾವಾಗಲೂ ಗೆರೆ ಎಳೆಯುತ್ತೇನೆ.

ನನಗೆ ತುಂಬಾ ಇಷ್ಟವಾದದ್ದು ನೀರಿನ ಮೇಲೆ ಸಂಗ್ರಹಿಸಿದ ಅನಿಲದ ಲೆಕ್ಕ. ಅನಿಲ ಮತ್ತು ದ್ರಾವಣ ಎರಡೂ ಒಂದೇ ಲೆಕ್ಕದಲ್ಲಿ ಬರುತ್ತವೆ. ಮೆಗ್ನೀಸಿಯಂ ಮತ್ತು ಹೈಡ್ರೋಕ್ಲೋರಿಕ್ ಆಮ್ಲದಿಂದ ಬಂದ ಹೈಡ್ರೋಜನ್ 25 ಡಿಗ್ರಿಯಲ್ಲಿ, ಒಟ್ಟು 755 ಮಿಲಿಮೀಟರ್ ಪಾದರಸದ ಒತ್ತಡದಲ್ಲಿ 250 ಮಿಲಿಲೀಟರ್ ಇದೆ. 0.40 ಮೋಲಾರ್ ಆಮ್ಲ ಎಷ್ಟು ಖರ್ಚಾಯಿತು? ಆ 755ರಲ್ಲಿ ಸುಮಾರು 24 ನೀರಾವಿಯ ಪಾಲು. ಹೈಡ್ರೋಜನ್‌ನದು 731 ಮಾತ್ರ. 731ನ್ನು 760ರಿಂದ ಭಾಗಿಸಿ, 250ರಿಂದ ಗುಣಿಸಿ, 24.5ರಿಂದ ಭಾಗಿಸಿದರೆ 9.8 ಮಿಲಿಮೋಲ್. ಒಂದು ಹೈಡ್ರೋಜನ್ ಅಣುವಿಗೆ ಎರಡು ಆಮ್ಲ ಬೇಕು, ಹಾಗಾಗಿ ಆಮ್ಲ ಅದರ ಎರಡು ಪಟ್ಟು, ಅಂದರೆ 19.6. ಅದನ್ನು 0.40ರಿಂದ ಭಾಗಿಸಿದರೆ ಸುಮಾರು 49 ಮಿಲಿಲೀಟರ್. ನೀರಾವಿಯನ್ನು ಕಳೆಯದೆ ಸುಮ್ನೆ 755 ಹಾಕಿದರೆ ಉತ್ತರ 51ರ ಹತ್ತಿರ ಹೋಗುತ್ತದೆ. ದ್ರಾವಣ ಅಳೆಯುವ ಗಾಜಿನ ಕೊಳವೆ ಬ್ಯೂರೆಟ್‌ನ ಒಂದೊಂದು ಗೆರೆಯೂ 0.1 ಮಿಲಿಲೀಟರ್. ಅಲ್ಲಿ ಒಂದೂವರೆ ಮಿಲಿಲೀಟರ್‌ಗೂ ಹೆಚ್ಚು ಅಂದರೆ ಸಣ್ಣ ವ್ಯತ್ಯಾಸವೇನಲ್ಲ.