ಕರಡಿ ಮಜಲಿಗೆ ಕಿಕ್ ಕೂಡಿಸಿದ ಜೋಡಿ ನಾವು

ಜಮಖಂಡಿ ಕಡೆ ಜಾತ್ರೆ, ಗಣಪತಿ, ಮದುವೆ ಮೆರವಣಿಗೆ ಅಂದರೆ ಟ್ರ್ಯಾಕ್ಟರ್ ಮೇಲೆ ಡಿಜೆ ಇರಲೇಬೇಕು. ಆ ಡಿಜೆಗಳಿಗೆ ನಾನು, ನನ್ನ ದೋಸ್ತ ಕೂಡಿ ಮಿಕ್ಸ್ ಮಾಡಿ ಕೊಡುತ್ತಿದ್ದೆವು. ಎಫ್‌ಎಲ್ ಸ್ಟುಡಿಯೋ ಅನ್ನುವ ಹಾಡು ಕೂಡಿಸುವ ಸಾಫ್ಟ್‌ವೇರ್ ನನ್ನ ಕೈಯಲ್ಲಿ, ಕಿವಿ ಅವನದು.

ಬೇರೆಯವರು ರೆಡಿಮೇಡ್ ಲೂಪ್ (ಮರಳಿ ಮರಳಿ ಓಡುವ ತುಣುಕು) ಹಾಕುತ್ತಿದ್ದಾಗ ನಾವು ಕರಡಿ ಅನ್ನುವ ಚರ್ಮವಾದ್ಯ, ಶಹನಾಯಿ ಕೂಡಿ ನುಡಿಸುವ ಕರಡಿ ಮಜಲು ಮೇಳವನ್ನೇ ರೆಕಾರ್ಡ್ ಮಾಡಿಕೊಂಡೆವು. ನಮ್ಮ ಹೆಸರು ಓಡಿದ್ದು ಅದರಿಂದಲೇ. ಆದರೆ ಕರಡಿ ಕಂಪ್ಯೂಟರ್ ಮಾತು ಕೇಳುವುದಿಲ್ಲ. ನಿಧಾನ ಶುರುವಾಗಿ, ಬಾರಿಸುವವರಿಗೆ ಹುರುಪು ಬಂದಂತೆ ಲಯವೂ ಏರುತ್ತದೆ. 95 ಬಿಪಿಎಂನಲ್ಲಿ, ಅಂದರೆ ನಿಮಿಷಕ್ಕೆ 95 ಬಡಿತದಲ್ಲಿ ಹೊರಟದ್ದು 120ರ ಹತ್ತಿರ ಹೋಗುತ್ತದೆ. ಅದನ್ನು ಕತ್ತರಿಸಿ ಒಂದೇ ವೇಗಕ್ಕೆ ಕೂರಿಸಿದರೆ ಜೀವವೇ ಹೋಗುತ್ತದೆ. ಅದಕ್ಕೆ ನಾವು ಕರಡಿಯ ಲಯ ಮುಟ್ಟಲಿಲ್ಲ. ಹಾಡಿನ ವೇಗ ತಾನೇ ಏರಿಳಿಯುವಂತೆ ಟೆಂಪೋಗೆ ಆಟೊಮೇಷನ್ ಗೆರೆ ಎಳೆದು, ಕಿಕ್ಕನ್ನೇ, ಅಂದರೆ ಡಿಜೆಯ ದಪ್ಪ ಡ್ರಮ್ ಪೆಟ್ಟನ್ನೇ, ಕರಡಿಯ ಹಿಂದೆ ಓಡಿಸಿದೆವು. ಗೆರೆಯ ಒಂದೊಂದು ತಿರುವನ್ನೂ ಕೇಳಿ ಕೇಳಿ ಕೂರಿಸಬೇಕು. ಮೈ ನೋಯುವ ಕೆಲಸ, ಆದರೆ ಕುಣಿಯುವವರ ಕಾಲಿಗೆ ಅದು ತಿಳಿಯುತ್ತದೆ.

ಆಮೇಲೆ ಬೇಸ್. 18 ಇಂಚಿನ ಸ್ಪೀಕರಿನಲ್ಲಿ ಹಾಕಿದಾಗ ದೋಸ್ತ, "ಕಿಕ್ ಬಡೀತೈತಿ ಖರೆ, ಕರಡಿ ಎಲ್ಲಿ ಹೋತಲೇ?" ಅಂದ. ಕರಡಿಯಲ್ಲಿ 100 ಹರ್ಟ್ಸ್‌ಗಿಂತ ಕೆಳಗಿನ ದಪ್ಪ ದನಿಯನ್ನು ತೆಗೆದು ಆ ಜಾಗವನ್ನು ಕಿಕ್ಕಿಗೆ ಬಿಟ್ಟೆವು. ಕೋಲಿನ ಪೆಟ್ಟು ಕೇಳುವಂತೆ 3 ಕಿಲೋಹರ್ಟ್ಸ್ ಆಚೀಚಿನ ಚೂಪು ದನಿಯನ್ನು ಸ್ವಲ್ಪ ಎತ್ತಿದೆವು. ಶಹನಾಯಿಯೂ ಅಲ್ಲೇ ಇರುತ್ತದೆ, ಜಾಸ್ತಿ ಎತ್ತಿದರೆ ಕಿವಿಗೆ ಚುಚ್ಚುತ್ತದೆ.

ಫಿಲ್ಟರ್ ಆಟ ಕಲಿತದ್ದು ಪ್ಯಾರಿಸ್‌ನ ಡಾಫ್ಟ್ ಪಂಕ್ ಅನ್ನುವ ಎಲೆಕ್ಟ್ರಾನಿಕ್ ಸಂಗೀತದ ಜೋಡಿಯನ್ನು ಕೇಳಿ. ದನಿಯನ್ನು ಮುಚ್ಚಿಟ್ಟು ಮೆಲ್ಲಗೆ ತೆರೆಯುವುದು. ನಾವು ಶಹನಾಯಿ ಒಂದನ್ನೇ ಉಳಿಸಿ, ಹುಡುಗರು ಕೈ ಎತ್ತಿ ಕಾಯುವಾಗ ಕರಡಿ, ಕಿಕ್ ಎರಡನ್ನೂ ಒಮ್ಮೆಲೇ ಬೀಳಿಸುತ್ತಿದ್ದೆವು. ಆಗ ಏಳುವ ಧೂಳು ನೋಡಬೇಕಿತ್ತು! 1993ರಲ್ಲಿ ಕೂಡಿದ ಆ ಜೋಡಿ 2021ರಲ್ಲಿ ಬೇರೆಯಾಯಿತು. ನಮ್ಮದು ಅದಕ್ಕೂ ಮೊದಲೇ ನಿಂತಿತ್ತು.

ಜಗಳ ಏನೂ ಇಲ್ಲ. 2020ರ ಲಾಕ್‌ಡೌನಿನಲ್ಲಿ ಜಾತ್ರೆಗಳು ನಿಂತವು, ದೋಸ್ತ ಕೆಲಸ ಹುಡುಕಿಕೊಂಡು ಪುಣೆಗೆ ಹೋದ. ಮೆರವಣಿಗೆಗಳು ಮತ್ತೆ ಶುರುವಾದಾಗ ಮಿಕ್ಸ್‌ಗೆ ದುಡ್ಡು ಕೊಡುವ ಗಿರಾಕಿಗಳು ಉಳಿದಿರಲಿಲ್ಲ. ಎಲ್ಲರ ಪೆನ್‌ಡ್ರೈವಿನಲ್ಲೂ ಅವೇ ಹಾಡು. ಎದೆ ನಡುಗಿಸುವ ಬೇಸ್ ಇದ್ದರೆ ಸಾಕು ಅನ್ನುತ್ತಿದ್ದರು. ಅಷ್ಟು ಬೇಸ್‌ನಲ್ಲಿ ಕರಡಿ ಕೇಳುವುದೇ ಇಲ್ಲ, ನನಗೆ ಅದು ಈಗಲೂ ಸಂಕಟ.

ಮೂಲ ರೆಕಾರ್ಡಿಂಗ್ ಎಲ್ಲಾ ನನ್ನ ಹಾರ್ಡ್‌ಡಿಸ್ಕಿನಲ್ಲಿವೆ. ಮೇಳದವರು ಕೇಳಿದಾಗ ಕಿಕ್ ಇಲ್ಲದ್ದನ್ನೇ ಕಾಪಿ ಮಾಡಿ ಕೊಡುತ್ತೇನೆ. ಹೊಸ ಹುಡುಗರಿಗೆ ಕಲಿಸಲು ಅವರಿಗೆ ಅದೇ ಬೇಕು.