ಕೊಡಗಿನಲ್ಲಿ ಮನೆಗೆ ಜಾಗ ಆರಿಸುವುದು: ವಾಸ್ತು, ಇಳಿಜಾರು, ಮಣ್ಣು

ಕೊಡಗಿನಲ್ಲಿ ಮನೆ ಜಾಗ ನೋಡಲು ಹೊರಟವರು ದಿಕ್ಸೂಚಿಗಿಂತ ಮೊದಲು ಟ್ಯೂಬ್ ಲೆವೆಲ್ ಹಿಡಿದು ಹೋಗುವುದು ಒಳ್ಳೆಯದು. ನೀರು ತುಂಬಿದ ತೆಳು ಪೈಪಿನ ಎರಡು ತುದಿಗಳನ್ನು ಜಾಗದ ಎರಡು ಮೂಲೆಗಳ ಗೂಟಕ್ಕೆ ಹಿಡಿದರೆ, ಎಲ್ಲಿ ಎಷ್ಟು ತಗ್ಗು ಎಂಬುದು ಅಂಗುಲದ ಲೆಕ್ಕದಲ್ಲಿ ಸಿಗುತ್ತದೆ. ನಾಲ್ಕೂ ಮೂಲೆಗಳನ್ನು ಹೀಗೆ ಅಳೆಯಿರಿ. ಕಣ್ಣಂದಾಜು ತೋಟದ ನಡುವೆ ಮೋಸ ಮಾಡುತ್ತದೆ.

ನೆಲದ ಈ ಇಳಿಜಾರಿಗೆ ವಾಸ್ತುವಿನಲ್ಲಿ ಪ್ಲವ ಎನ್ನುತ್ತಾರೆ. ಪೂರ್ವ, ಉತ್ತರ ಅಥವಾ ಈಶಾನ್ಯಕ್ಕೆ ಇಳಿದು, ನೈಋತ್ಯ ಎತ್ತರವಿರುವ ನೆಲ ಉತ್ತಮ. ದಕ್ಷಿಣ, ನೈಋತ್ಯಕ್ಕೆ ಇಳಿಯುವುದು ವರ್ಜ್ಯ. ಇಲ್ಲಿಯ ಹವೆಗೆ ಈ ನಿಯಮ ಚೆನ್ನಾಗಿಯೇ ಹೊಂದುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆಗಾಳಿ ಬರುವುದೇ ನೈಋತ್ಯ ಮತ್ತು ಪಶ್ಚಿಮದಿಂದ. ಆ ಕಡೆ ದಿಬ್ಬವಿದ್ದರೆ ಗೋಡೆಗೆ ಇರಚಲು ಕಡಿಮೆ, ಬೆಳಗಿನ ಬಿಸಿಲೂ ಅಂಗಳಕ್ಕೆ ನೇರ ಬೀಳುತ್ತದೆ. ಕೊಡವ ಕುಟುಂಬಗಳ ಮೂಲಮನೆಗಳಾದ ಐನ್‌ಮನೆಗಳು ಹೆಚ್ಚಾಗಿ ಪೂರ್ವಕ್ಕೆ ಮುಖ ಮಾಡಿ, ಗದ್ದೆ ಬಯಲಿಗಿಂತ ಒಂದಿಷ್ಟು ಮೇಲೆ ಕೂತಿರುವುದನ್ನು ಗಮನಿಸಿ.

40 ಅಡಿ ಉದ್ದಕ್ಕೆ 4 ಅಡಿ ತಗ್ಗಿದ್ದರೆ ಹೆದರಬೇಕಿಲ್ಲ, ಪಾಯ ಮೆಟ್ಟಿಲುಮೆಟ್ಟಿಲಾಗಿ ಹಾಕಬಹುದು. 8 ಅಡಿ ದಾಟಿದರೆ ತಡೆಗೋಡೆಯ ಖರ್ಚು ಮನೆಯ ಖರ್ಚಿನ ಜತೆ ಪೈಪೋಟಿಗೆ ಇಳಿಯುತ್ತದೆ. ಇಲ್ಲೇ ದೊಡ್ಡ ಎಡವಟ್ಟು ಆಗುವುದು: ಪ್ಲವ ಸರಿಯಿಲ್ಲದ ಜಾಗ ಕೊಂಡು, ಜೆಸಿಬಿ ತರಿಸಿ, ಗುಡ್ಡ ಕಡಿದು, ಆ ಮಣ್ಣನ್ನೇ ತಗ್ಗಿಗೆ ಸುರಿದು ವಾಸ್ತು ಸರಿಮಾಡುವುದು. ಹಾಗೆ ಮಾಡಿದಾಗ ಹಿಂದೆ ನೆಟ್ಟಗಿನ ಬರೆ (ಗುಡ್ಡ ಕಡಿದು ಉಳಿದ ಮಣ್ಣಿನ ಗೋಡೆ), ಮುಂದೆ ಸಡಿಲ ಮಣ್ಣು, ಎರಡರ ನಡುವೆ ಮನೆ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲ, ಕಾಲೂರು ಕಡೆ ಗುಡ್ಡ ಜರಿದ ಮೇಲೆ, ಇಳಿಜಾರನ್ನು ಮನಬಂದಂತೆ ಕಡಿದದ್ದೂ ಒಂದು ಕಾರಣವೆಂದು ಭೂವಿಜ್ಞಾನಿಗಳು ಹೇಳಿದರು. ಪ್ಲವ ಹುಟ್ಟಿನಿಂದಲೇ ಇರಬೇಕು. ಇಲ್ಲದಿದ್ದರೆ ಬೇರೆ ಜಾಗ ನೋಡಿ. ಮೊದಲೇ ಕಡಿದ ಬರೆ ಇದ್ದರೆ, ಅದರ ಎತ್ತರ ಎಷ್ಟೋ ಕನಿಷ್ಠ ಅಷ್ಟು ದೂರದಲ್ಲಿ ಹಿಂಗೋಡೆ ಬರಲಿ.

ಮರಗಳನ್ನೂ ನೋಡಿ. ನೆಟ್ಟಗೆ ಬೆಳೆಯಬೇಕಾದ ಸಿಲ್ವರ್ ಓಕ್‌ಗಳು ಸಾಲಾಗಿ ಬುಡದಲ್ಲಿ ಕೊಕ್ಕೆಯಂತೆ ಬಾಗಿ ಮೇಲೆದ್ದಿದ್ದರೆ, ನೆಲ ವರ್ಷವರ್ಷವೂ ಸ್ವಲ್ಪಸ್ವಲ್ಪ ಜಾರುತ್ತಿದೆ ಎಂದರ್ಥ. ಗುಡ್ಡದ ಮೇಲ್ಭಾಗದಲ್ಲಿ ಅರ್ಧಚಂದ್ರಾಕಾರದ ಬಿರುಕು, ಬೇಸಿಗೆಯಲ್ಲೂ ಜಿನುಗುವ ಒರತೆ, ಬರೆಯಲ್ಲಿ ಕೆಂಪು ಮಣ್ಣಿನಡಿ ಸಾಬೂನಿನಂತೆ ಜಾರುವ ಬಿಳಿ ಶೇಡಿ ಮಣ್ಣು, ಇವು ಕಂಡರೆ ಈಶಾನ್ಯ ಎಷ್ಟೇ ಚೆನ್ನಾಗಿರಲಿ, ಬೇಡ.

ಮಣ್ಣಿನ ಪರೀಕ್ಷೆಗೆ ಶಾಸ್ತ್ರದ ಕ್ರಮ ಸರಳ. ಒಂದು ಮೊಳ, ಅಂದರೆ ಸುಮಾರು 18 ಅಂಗುಲ ಉದ್ದ, ಅಗಲ, ಆಳದ ಗುಂಡಿ ತೋಡಿ, ತೆಗೆದ ಮಣ್ಣನ್ನೇ ತಿರುಗಿ ತುಂಬಬೇಕು. ಮಣ್ಣು ಮಿಕ್ಕರೆ ಉತ್ತಮ, ಸರಿಹೋದರೆ ಮಧ್ಯಮ, ಸಾಲದಿದ್ದರೆ ಅಧಮ. ಗಟ್ಟಿ ನೆಲವನ್ನು ಅಗೆದಾಗ ಮಣ್ಣು ಉಬ್ಬುತ್ತದೆ, ಅದಕ್ಕೇ ಮಿಗುತ್ತದೆ. ಸಡಿಲ ನೆಲದಲ್ಲಿ ಉಬ್ಬಲು ಏನೂ ಇರುವುದಿಲ್ಲ. ಕಾಫಿ ತೋಟದಲ್ಲಿ ಮೇಲಿನ ಅರ್ಧ ಅಡಿ ಎಲೆಗೊಬ್ಬರದ ಪದರವನ್ನು ಮೊದಲು ಕೆರೆದು ತೆಗೆಯಿರಿ, ಇಲ್ಲದಿದ್ದರೆ ಒಳ್ಳೆಯ ನೆಲವೂ ಅಧಮವೆಂದೇ ಕಾಣುತ್ತದೆ. ತುಂಬುವಾಗ ತುಳಿಯಬೇಡಿ. ಮೂಲೆಗೊಂದು, ನಡುವೆ ಒಂದು, ಒಟ್ಟು ಐದು ಗುಂಡಿ ಆಗಬೇಕು. ಹಳ್ಳ ತುಂಬಿಸಿ ಮಾರುವವರು ಇಡೀ ಜಾಗವನ್ನು ತುಂಬಿಸಿರುವುದಿಲ್ಲ, ಒಂದು ಮೂಲೆಯನ್ನು ಮಾತ್ರ.

ಇದೇ ಗುಂಡಿಗೆ ನೀರು ತುಂಬಿ, 100 ಹೆಜ್ಜೆ ಹೋಗಿ ಬರುವಷ್ಟರಲ್ಲಿ ನೀರು ಉಳಿದಿದ್ದರೆ ಒಳ್ಳೆಯದು ಎನ್ನುತ್ತಾರೆ. ಗುಳುಗುಳು ಎಂದು ಇಳಿದರೆ ಒಳಗೆ ಹುತ್ತದ ಬಿಲವೋ ಪೊಳ್ಳೋ ಇರಬಹುದು. ಆದರೆ ಒಂದು ತಿದ್ದುಪಡಿ ಬೇಕು: ಗದ್ದೆ ತುಂಬಿಸಿದ ಜಾಗದಲ್ಲೂ ನೀರು ಹಾಗೇ ನಿಲ್ಲುತ್ತದೆ, ಅಂತರ್ಜಲ ಕಾಲಡಿಯಲ್ಲೇ ಇರುವುದರಿಂದ. ಮರುದಿನವೂ ಗುಂಡಿ ತುಂಬಿಯೇ ಇದ್ದರೆ ಅದು ಗುಣವಲ್ಲ, ದೋಷ. ಅಲ್ಲಿ ಇಂಗುಗುಂಡಿಯೂ ಕೆಲಸ ಮಾಡದು. ಪರೀಕ್ಷೆಯನ್ನು ಬೇಸಿಗೆಯಲ್ಲಿ ಮಾಡಿ, ಜಾಗವನ್ನು ಜುಲೈಯಲ್ಲೊಮ್ಮೆ ಸುರಿಯುವ ಮಳೆಯಲ್ಲಿ ನೋಡಿ. ಗುಂಡಿಯಲ್ಲಿ ಮೂಳೆ, ಕೂದಲು, ಇದ್ದಿಲು ಸಿಕ್ಕರೆ ಶಲ್ಯ ದೋಷ. ಹತ್ತಿರದಲ್ಲಿ ಒಕ್ಕದ (ಕೊಡವ ಮನೆತನದ) ಸ್ಮಶಾನವಾದ ತೂಟಂಗಳ, ದೇವರಕಾಡು, ನಾಗಬನ ಇದೆಯೇ ಎಂದು ಊರ ಹಿರಿಯರನ್ನು ಕೇಳಿ, ದಲ್ಲಾಳಿ ಹೇಳುವುದಿಲ್ಲ.

ದಿಕ್ಕು ನೋಡುವಾಗ ಸೂರ್ಯ ಹುಟ್ಟಿದ ಕಡೆ ಪೂರ್ವ ಎಂದು ಗುರುತು ಹಾಕಬೇಡಿ. ಡಿಸೆಂಬರ್ ಕೊನೆಯಲ್ಲಿ ಸೂರ್ಯ ಪೂರ್ವದಿಂದ ಸುಮಾರು 24 ಡಿಗ್ರಿ ದಕ್ಷಿಣಕ್ಕೆ ಹುಟ್ಟುತ್ತಾನೆ, ಬೆಟ್ಟ ದಾಟಿ ಕಾಣುವಷ್ಟರಲ್ಲಿ ಇನ್ನೂ ಸರಿದಿರುತ್ತಾನೆ. ದಿಕ್ಸೂಚಿಯನ್ನು ಜೀಪು, ಕಬ್ಬಿಣದ ಗೇಟಿನಿಂದ ದೂರ ಹಿಡಿಯಿರಿ. ಅನುಮಾನವಿದ್ದರೆ ಶಂಕು ನೆಡಿ: ಸಮತಟ್ಟು ನೆಲದಲ್ಲಿ ನೆಟ್ಟ ಕೋಲಿನ ಸುತ್ತ ವೃತ್ತ ಎಳೆದು, ನೆರಳಿನ ತುದಿ ಬೆಳಿಗ್ಗೆ ಮತ್ತು ಮಧ್ಯಾಹ್ನದ ನಂತರ ವೃತ್ತವನ್ನು ಮುಟ್ಟುವ ಎರಡು ಬಿಂದುಗಳನ್ನು ಸೇರಿಸಿದರೆ ಪೂರ್ವ–ಪಶ್ಚಿಮ ರೇಖೆ. ಮಳೆಗಾಲದಲ್ಲಿ ಇದು ಆಗುವ ಮಾತಲ್ಲ.

ಆಕಾರದ ವಿಷಯಕ್ಕೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಡಿ. ಚೌಕ, ಆಯತ ಒಳ್ಳೆಯದು, ಉದ್ದ ಅಗಲದ ಎರಡರಷ್ಟು ಮೀರದಿರಲಿ. ಮುಂದೆ ಕಿರಿದು ಹಿಂದೆ ಅಗಲವಿರುವ ಗೋಮುಖ ಮನೆಗಾಗುತ್ತದೆ, ಅದಕ್ಕೆ ತಿರುಗುಮುರುಗಾದ ವ್ಯಾಘ್ರಮುಖ ಅಂಗಡಿಗೆ. ಅಂಕುಡೊಂಕಾದ ಬಾಣೆ (ಗದ್ದೆಗೆ ಸೇರಿದ ಎತ್ತರದ ನೆಲ) ಜಾಗವಾದರೆ ಒಳಗೇ ಒಂದು ಆಯತ ಗುರುತಿಸಿ ಬೇಲಿ ಹಾಕಿ, ಉಳಿದದ್ದು ತೋಟಕ್ಕಿರಲಿ. 40×60 ಅಡಿಯ ಆಯತದ ಎರಡೂ ಕರ್ಣ 72 ಅಡಿ 1 ಅಂಗುಲ ಬಂದರೆ ಮೂಲೆಗಳು ಸರಿ.

ನೀರು ಪೂರ್ವದಲ್ಲಿದ್ದರೆ ಶುಭ ಎಂಬ ಮಾತನ್ನು ಕುಶಾಲನಗರದಲ್ಲಿ ಎಚ್ಚರದಿಂದ ಕೇಳಿ. ಅಲ್ಲಿ ಕಾವೇರಿ ಊರಿನ ಪೂರ್ವಕ್ಕೇ ಇದ್ದಾಳೆ, 2018 ಮತ್ತು 2019ರಲ್ಲಿ ಬಡಾವಣೆಗಳಿಗೆ ನುಗ್ಗಿದ್ದೂ ಅವಳೇ. ಪ್ರವಾಹದ ಗುರುತನ್ನು ಪಕ್ಕದ ಮನೆ ಗೋಡೆಯಲ್ಲಿ ನೋಡಿ. ಹಾಗೆಯೇ ಮೇಲಿನಿಂದ ಇಳಿದು ಬಂದು ಜಾಗಕ್ಕೆ ಕುತ್ತುವ ರಸ್ತೆ ವಾಸ್ತುವಿನಲ್ಲಿ ಶುಭ ವೀಥಿ ಶೂಲವೆನಿಸಿದರೂ ಮಳೆಗಾಲದಲ್ಲಿ ನೀರು ಹರಿಯುವ ತೋಡೇ.

ಮುಂಗಡ ಕೊಡುವ ಮುನ್ನ ಪಹಣಿ ತೆಗೆಸಿ. ವಂಶಪಾರಂಪರ್ಯ ಹಕ್ಕಿನ ಜಮ್ಮಾ ಬಾಣೆಯಾದರೆ ಹೆಸರಿರುವ ಪಾಲುದಾರರೆಲ್ಲರ ಒಪ್ಪಿಗೆ ಬೇಕು, ಪೈಸಾರಿ (ಸರ್ಕಾರಿ ಜಮೀನು) ಸೇರಿದ್ದರೆ ಮುಟ್ಟಬೇಡಿ. ಕೃಷಿ ಭೂಮಿಗೆ 1964ರ ಕರ್ನಾಟಕ ಭೂ ಕಂದಾಯ ಕಾಯ್ದೆಯ 95ನೇ ಸೆಕ್ಷನ್ನಿನಡಿ ಪರಿವರ್ತನೆ ಆಗಿದೆಯೇ ಎಂದೂ ನೋಡಿ. ಐದು ಗುಂಡಿ ತೋಡಲು ಮಾರುವವರ ಅನುಮತಿಯನ್ನು ಮೊದಲೇ ಕೇಳಿಕೊಳ್ಳಿ. ಬೇಡ ಎಂದರೆ ಮಾತುಕತೆ ಅಲ್ಲಿಗೇ ನಿಲ್ಲಿಸಿ.