ಬೆಳಿಗ್ಗೆ ಸ್ಟಾರ್ಟ್ ಆಗದ ಮಾರುತಿ 800

ಮಳೆಗಾಲದಲ್ಲಿ ಹಳೆ ಗಾಡಿ ಸ್ಟಾರ್ಟ್ ಆಗದಿದ್ದರೆ ನಮ್ಮ ತೀರ್ಥಹಳ್ಳಿ ಕಡೆ ಎಲ್ಲರೂ ಹೇಳುವುದು ಒಂದೇ: "ಡಿಸ್ಟ್ರಿಬ್ಯೂಟರ್‌ಗೆ ಥಂಡಿ ಹಿಡಿದಿದೆ, ಕ್ಯಾಪ್ ಬಿಚ್ಚಿ ಒರೆಸಿ." ಡಿಸ್ಟ್ರಿಬ್ಯೂಟರ್ ಅಂದರೆ ಎಂಜಿನ್‌ನಲ್ಲಿ ಕಿಡಿ ಹಾರಿಸುವ ಪ್ಲಗ್‌ಗಳಿಗೆ ಕರೆಂಟ್ ಹಂಚುವ ಭಾಗ. ಎಷ್ಟೋ ಸಲ ಅದು ನಿಜವೂ ಹೌದು. ಆದರೆ ನಮ್ಮ ಕಾರ್ಬುರೇಟರ್ (ಪೆಟ್ರೋಲ್‌ಗೆ ಗಾಳಿ ಬೆರೆಸುವ ಭಾಗ) ಕಾಲದ ಮಾರುತಿ 800ರ ಕಥೆ ಬೇರೆ ಇತ್ತು. ಬೆಳಿಗ್ಗೆ ಚೋಕ್ ಎಳೆದು ತುಂಬಾ ಹೊತ್ತು ಸೆಲ್ಫ್ ಹೊಡೆಯಬೇಕು. ಒಮ್ಮೆ ಸ್ಟಾರ್ಟ್ ಆದರೆ ಊರೊಳಗೆ ಏನೂ ಕಿರಿಕ್ ಇಲ್ಲ. ಟ್ಯಾಂಕ್‌ನಲ್ಲಿ ಪೆಟ್ರೋಲ್ ಕಮ್ಮಿ ಇದ್ದಾಗ ಮಾತ್ರ ಸೋಮೇಶ್ವರದಿಂದ ಆಗುಂಬೆ ಘಾಟಿ ಹತ್ತುವಾಗ ಜಗ್ಗುತ್ತಿತ್ತು.

ಸೆಲ್ಫ್ ಹೊಡೆದ ಕೂಡಲೇ ಒಂದು ಪ್ಲಗ್ ಬಿಚ್ಚಿ ನೋಡಿದೆ. ಒದ್ದೆಯಾಗಿ ಪೆಟ್ರೋಲ್ ವಾಸನೆ ಹೊಡೆದರೆ ಕಿಡಿಯ ಕಡೆ ಹುಡುಕಬೇಕು. ನಮ್ಮದು ಒಣಗಿತ್ತು. ಅಂದರೆ ಪೆಟ್ರೋಲೇ ಬರುತ್ತಿಲ್ಲ.

ಈ ಗಾಡಿಗೆ ಎಲೆಕ್ಟ್ರಿಕ್ ಪಂಪ್ ಇಲ್ಲ. ಕ್ಯಾಮ್‌ಶಾಫ್ಟ್ ತಳ್ಳುವ ಡಯಾಫ್ರಮ್ ಪಂಪು ಹಿಂದಿನ ಟ್ಯಾಂಕ್‌ನಿಂದ ಪೆಟ್ರೋಲ್ ಎಳೆದು ಕಾರ್ಬುರೇಟರ್‌ಗೆ ಕೊಡುತ್ತದೆ. ಕಿಡಿ ಹಾರದಿರಲಿ ಅಂತ ಪ್ಲಗ್‌ಗಳ ಕಿಡಿಗೆ ಕರೆಂಟ್ ಕೊಡುವ ಕಾಯಿಲ್‌ನ ಸಣ್ಣ ವೈರ್ ಕಳಚಿದೆ. ಪಂಪಿನಿಂದ ಕಾರ್ಬುರೇಟರ್‌ಗೆ ಹೋಗುವ ಪೈಪನ್ನು ಬಾಟಲಿಗೆ ಬಿಟ್ಟೆ. ತಮ್ಮ ಸೆಲ್ಫ್ ಹೊಡೆದ. ಮೊದಲು ಏನೂ ಇಲ್ಲ. ಆಮೇಲೆ ಪುಸ್ ಪುಸ್ ಅಂತ ಗಾಳಿ, ಹಿಂದೆಯೇ ಗುಳ್ಳೆಗುಳ್ಳೆಯಾಗಿ ಪೆಟ್ರೋಲ್.

ಪರಿಚಯದ ಮೆಕ್ಯಾನಿಕ್ ಫೋನಿನಲ್ಲಿ, "ಪಂಪ್ ಹೋಗಿರ್ತದೆ ಮಾರಾಯ್ರೆ, ಹೊಸದು ಹಾಕ್ಸಿ" ಅಂದರು. ನನಗೆ ಆ ಗುಳ್ಳೆಗಳ ಮೇಲೆಯೇ ಅನುಮಾನ. ಪಂಪಿಗೆ ಬರುವ ಪೈಪ್ ಕಳಚಿ, ಆ ಜಾಗಕ್ಕೆ ಒಂದು ಹೊಸ ಪೈಪ್ ತುಂಡು ಸಿಕ್ಕಿಸಿ, ಅದರ ಇನ್ನೊಂದು ತುದಿಯನ್ನು ಪೆಟ್ರೋಲ್ ತುಂಬಿದ ಬಾಟಲಿಗೆ ಅದ್ದಿದೆ. ಮತ್ತೆ ಸೆಲ್ಫ್. ಈ ಸಲ ಒಂದು ಗುಳ್ಳೆಯೂ ಇಲ್ಲ, ಚಿಮ್ಮಿ ಚಿಮ್ಮಿ ಬಂತು. ಪಂಪ್ ಚೆನ್ನಾಗಿಯೇ ಇದೆ! ತಕರಾರು ಟ್ಯಾಂಕ್‌ಗೂ ಪಂಪಿಗೂ ನಡುವೆ.

ಕಾರಿನಡಿ ಹೊಕ್ಕು ನೋಡಿದರೆ ನೆಲದ ಮೇಲೆ ಒಂದು ಹನಿಯೂ ಇಲ್ಲ. ಇರುವುದೂ ಇಲ್ಲ. ಎಳೆಯುವ ಕಡೆಯ ಪೈಪ್ ಬಿರುಕು ಬಿಟ್ಟರೆ ಪೆಟ್ರೋಲ್ ಹೊರಗೆ ಬರುವುದಕ್ಕಿಂತ ಗಾಳಿ ಒಳಗೆ ಹೋಗುವುದೇ ಜಾಸ್ತಿ. ತೂತು ಬಿದ್ದ ಸ್ಟ್ರಾದಲ್ಲಿ ಎಳನೀರು ಕುಡಿದ ಹಾಗೆ. ರಾತ್ರಿಯಿಡೀ ಪೈಪಿನ ಪೆಟ್ರೋಲ್ ಟ್ಯಾಂಕ್‌ಗೆ ವಾಪಸ್ ಇಳಿಯುತ್ತದೆ. ಘಾಟಿಯಲ್ಲಿ ಮೂತಿ ಮೇಲಾದಾಗ ಟ್ಯಾಂಕ್ ಇನ್ನೂ ಕೆಳಗಾಗುತ್ತದೆ, ಪಂಪ್ ಇನ್ನಷ್ಟು ಜೋರಾಗಿ ಎಳೆಯಬೇಕು. ಜಗ್ಗದೇ ಇನ್ನೇನು ಮಾಡೀತು?

ಟ್ಯಾಂಕ್ ಹತ್ತಿರ, ಕಬ್ಬಿಣದ ಪೈಪಿಗೆ ಸೇರುವ ಗೇಣುದ್ದದ ರಬ್ಬರ್ ತುಂಡಿತ್ತು. ಕೆಸರು ಒರೆಸಿ ಬಗ್ಗಿಸಿದೆ. ಕ್ಲಿಪ್ಪಿನ ಪಕ್ಕ ಸಣ್ಣ ಸಣ್ಣ ಬಿರುಕು ಬಾಯಿ ಬಿಟ್ಟವು.

ಶಿವಮೊಗ್ಗಕ್ಕೆ ಹೋದಾಗ ಎಥೆನಾಲ್ ತಡೆಯುವ ಪೈಪನ್ನೇ ಕೇಳಿ ತಂದೆ. ಈಗಿನ ಪೆಟ್ರೋಲ್‌ನಲ್ಲಿ ಶೇ 20ರಷ್ಟು ಅದೇ ಅಲ್ವಾ, ಹಳೆ ರಬ್ಬರಿಗೆ ಒಗ್ಗುವುದಿಲ್ಲ. ಹೆಚ್ಚಾದ ಪೆಟ್ರೋಲ್ ಟ್ಯಾಂಕ್‌ಗೆ ವಾಪಸ್ ಹೋಗುವ ಪೈಪಿನ ರಬ್ಬರ್, ಫಿಲ್ಟರ್, ಕ್ಲಿಪ್ಪು ಎಲ್ಲ ಒಟ್ಟಿಗೇ ಬದಲಾಯಿಸಿದೆ. ಖರ್ಚು ಹೊಸ ಪಂಪಿಗಿಂತ ಕಮ್ಮಿಯೇ. ಹಳೆ ಪಂಪೇ ಇನ್ನೂ ಓಡುತ್ತಿದೆ.